ಗಂಟಲ ಗುಳಿಯ ನೆರಳು

ಜಗಲಿಯ ಆರಾಮಕುರ್ಚಿಯಲ್ಲಿ ಅಪ್ಪ ಕತ್ತನ್ನು ಹಿಂದಕ್ಕೆ ಚೆಲ್ಲಿ ನಿದ್ದೆಹೋಗಿದ್ದಾರೆ. ಓರೆಬಿಸಿಲಿಗೆ ಕೊರಳ ತೊಗಲು ಗೋಧಿಬಣ್ಣಕ್ಕೆ ತಿರುಗಿದೆ. ಎರಡು ಕೊರಳೆಲುಬು ಕೂಡುವಲ್ಲಿನ ಗುಳಿಯಲ್ಲಿ ಮಾತ್ರ ಹೊಗೆಬಣ್ಣದ ಒಂದು ನೆರಳು. ಆ ನೆರಳನ್ನೇ ನೋಡುತ್ತ ಕೂತೆ. ಉಸಿರೆಳೆದಾಗ ಅದು ಎಳೆಯಷ್ಟು ಕಪ್ಪಾಗುತ್ತದೆ, ಬಿಟ್ಟಾಗ ತಿಳಿಯಾಗುತ್ತದೆ. ನಿಮಿಷಕ್ಕೆ 14 ಸಲ. ಮತ್ತೆ ಎಣಿಸಿದೆ, 14.

ನನ್ನ ಕೊರಳ ಮೇಲೆ ಬೆರಳಿಟ್ಟೆ. ಗಂಟಲಮಣಿಯಿಂದ ಕೆಳಗೆ ಜಾರಿಸಿದರೆ ಏಣು, ತಗ್ಗು, ಮತ್ತೆ ಏಣು. ಗೇಣಿಗಿಂತ ಗಿಡ್ಡ ಈ ಶ್ವಾಸನಾಳ, 10ರಿಂದ 12 ಸೆಂಟಿಮೀಟರು. ಅದಕ್ಕೆ 16ರಿಂದ 20 ಮೃದ್ವಸ್ಥಿಯ ಬಳೆಗಳು. ಎಳೆದ ಉಸಿರಿನ ಸೆಳೆತಕ್ಕೆ ಕೊಳವೆ ಕುಸಿಯದಂತೆ ಹಿಡಿದಿರುವುದು ಇವೇ. ಆದರೆ ಯಾವ ಬಳೆಯೂ ಪೂರ್ತಿ ಸುತ್ತಿಲ್ಲ. ಕುದುರೆಲಾಳದಂತೆ ಬೆನ್ನಿನ ಕಡೆ ಬಾಯ್ತೆರೆದಿವೆ. ಆ ತೆರಪಿಗೆ ಮೆತ್ತನೆಯ ಸ್ನಾಯು, ಅದಕ್ಕೆ ಒರಗಿಕೊಂಡು ಅನ್ನನಾಳ.

ಒಳಗೋಡೆಯ ರೋಮಗಳು ಬರಿಗಣ್ಣಿಗೆ ಕಾಣುವಂಥವಲ್ಲ. ಅಂಥ ರೋಮಗಳ ಕೆಲಸವನ್ನು ಒಮ್ಮೆ ಕಂಡಿದ್ದೇನೆ, ಕಾಲೇಜಿನ ಪ್ರಯೋಗಾಲಯದಲ್ಲಿ, ಕಪ್ಪೆಯ ಅಂಗುಳಿನ ಮೇಲೆ. ಇಟ್ಟ ಬೆಂಡಿನ ಚೂರು, ಯಾರೂ ಮುಟ್ಟದೆ, ತೇವದ ಗುಲಾಬಿ ನೆಲದ ಮೇಲೆ ಗಂಟಲಿನತ್ತ ತೆವಳಿತ್ತು. ನಮ್ಮ ಶ್ವಾಸನಾಳದಲ್ಲಿ ಅವು ಸೆಕೆಂಡಿಗೆ ಸುಮಾರು 10ರಿಂದ 20 ಸಲ ಬಾಗಿ ಏಳುತ್ತವೆ, ಗಾಳಿಗೆ ಭತ್ತದ ಪೈರು ತೆರೆತೆರೆಯಾಗಿ ತೂಗುವ ಹಾಗೆ. ಧೂಳು ಹಿಡಿದ ಲೋಳೆ ಅವುಗಳ ತುದಿಯ ಮೇಲೇ ಜಾರುತ್ತ ಮೇಲಕ್ಕೆ ಬರುತ್ತದೆ.

ಅಪ್ಪ ಎದ್ದರು. ಅಮ್ಮ ಗಂಜಿ ತಂದುಕೊಟ್ಟರು. ಪ್ರತಿ ಗುಟುಕಿಗೂ ಗಂಟಲಮಣಿ ಏರುತ್ತದೆ, ಅರೆಗಳಿಗೆ ತಂಗುತ್ತದೆ, ಇಳಿಯುತ್ತದೆ. ಅಷ್ಟು ಹೊತ್ತು ಗುಳಿಯ ನೆರಳು ಅಲುಗದು. ಧ್ವನಿಪೆಟ್ಟಿಗೆ ಮೇಲೆದ್ದು ಎಲೆಯಂಥ ಮುಚ್ಚಳದಡಿ ಬಾಯಿ ಮುಚ್ಚಿಕೊಂಡಿದೆ. ತುತ್ತಿಗೆ ದಾರಿ ಬಿಟ್ಟು ಉಸಿರು ನಿಂತಿದೆ. ಬಟ್ಟಲು ಅರ್ಧವಾಗುವ ಹೊತ್ತಿಗೆ ಇನ್ನೊಂದು ಕಣ್ಣಿಗೆ ಬಿತ್ತು: ಗುಟುಕಿನ ಬೆನ್ನಿಗೆ ಬರುವುದು ಹೆಚ್ಚುಪಾಲು ಬಿಡುವ ಉಸಿರು, ಎಳೆಯುವುದಲ್ಲ.

ಗುಟುಕಿನ ನಡುವೆ ಅಪ್ಪ ಏನೋ ಹೇಳಹೊರಟರು. ಕೆಮ್ಮು.

“ನೆತ್ತಿಗೆ ಹತ್ತಿತು,” ಅಮ್ಮ ತಲೆ ತಟ್ಟಿದರು. “ಯಾರೋ ನೆನೆಸ್ಕೊಂಡ್ರು ನೋಡಿ.”

ಹನಿ ಹತ್ತಿದ್ದು ನೆತ್ತಿಗಲ್ಲ, ಉಸಿರಿನ ಹೊಸ್ತಿಲಿಗೆ. ಕೆಮ್ಮುವಾಗ ಬಳೆಗಳ ಬೆನ್ನಿನ ಆ ಮೆತ್ತನೆಯ ಗೋಡೆ ಒಳಕ್ಕೆ ಒತ್ತುತ್ತದೆ, ನಾಳ ಕಿರಿದಾಗುತ್ತದೆ, ಕಿರಿದಾದಷ್ಟೂ ಗಾಳಿ ಬಿರುಸಾಗುತ್ತದೆ. ಗುಳಿ ನಾಲ್ಕಾರು ಸಲ ಹೊಂಡಬಿದ್ದು ಉಬ್ಬಿತು, ಆಮೇಲೆ ಶಾಂತವಾಯಿತು. ಅಪ್ಪ ಗಂಟಲು ಸರಿಮಾಡಿಕೊಂಡು, ಮೇಲೆ ಬಂದದ್ದನ್ನು ಗಂಜಿಯ ಜೊತೆಗೇ ನುಂಗಿದರು. ಗಂಟಲಮಣಿ ಏರಿತು, ತಂಗಿತು, ಇಳಿಯಿತು.