ಅಗಲಿದವರ ಹೆಸರೆತ್ತಿ ಮಾತನಾಡಿರಿ

ಲಿಂಗೈಕ್ಯರಾದವರ ಮನೆಗೆ ಹೋದಾಗ ಏನು ಮಾತನಾಡಬೇಕು? ಇದು ತಿಳಿಯದೆ ನಮ್ಮಲ್ಲಿ ಅನೇಕರು ಹೊಸ್ತಿಲಲ್ಲಿಯೇ ತಡವರಿಸುತ್ತಾರೆ.

ನಾನೂ ತಡವರಿಸಿದವನೇ. ಕೆಲವು ವರ್ಷಗಳ ಹಿಂದೆ, ಹರೆಯದ ಮಗನನ್ನು ಕಳೆದುಕೊಂಡ ತಾಯಿಯೊಬ್ಬರನ್ನು ಕಾಣಲು ಹೋಗಿದ್ದೆ. ಮಠದಲ್ಲಿ ಕಲಿತ ವಿದ್ಯೆಯ ಬಲದಿಂದ ದೇಹದ ಅನಿತ್ಯತೆಯನ್ನು ಕುರಿತು ಅರ್ಧ ತಾಸು ಹೇಳಿದೆ. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, 'ಶಾಸ್ತ್ರಿಗಳೇ, ಎಲ್ಲಾರೂ ಬರ್ತಾರ್ರಿ, ಸಮಾಧಾನ ಹೇಳ್ತಾರ್ರಿ. ನನ್ನ ಮಗನ ಹೆಸರು ಮಾತ್ರ ಯಾರೂ ಎತ್ತಂಗಿಲ್ಲ' ಎಂದರು. ನಾನು ತಲೆ ತಗ್ಗಿಸಿದೆ. ನಾನೂ ಎತ್ತಿರಲಿಲ್ಲ. ಬಳಿಕ ಅವನ ಹೆಸರು ಹೇಳಿ, ಚಿಕ್ಕಂದಿನಲ್ಲಿ ಹೇಗಿದ್ದನೆಂದು ಕೇಳಿದೆ. ಆ ತಾಯಿ ಬಹಳ ಹೊತ್ತು ಮಾತನಾಡಿದರು. ಅತ್ತರು, ನಡುವೆ ಒಮ್ಮೆ ನಕ್ಕರು ಸಹ.

ಶರಣರು ಜನನ, ಜಾತಿ, ರಜ, ಉಚ್ಛಿಷ್ಟ, ಪ್ರೇತವೆಂಬ ಪಂಚಸೂತಕಗಳನ್ನು ಅಲ್ಲಗಳೆದರು. ಇದನ್ನು ನಾವು ಕೇವಲ ಆಚಾರದ ಮಾತೆಂದು ತಿಳಿದಿದ್ದೇವೆ. ಅದರೊಳಗೆ ಕರುಣೆಯೂ ಇದೆ. ಸಾವಾದ ಮನೆ ಮುಟ್ಟಬಾರದ ಮನೆಯಲ್ಲ. ಅಂದೇ ಒಳಗೆ ಹೋಗಿ ದುಃಖಿತರ ಪಕ್ಕದಲ್ಲಿ ಕುಳಿತುಕೊಳ್ಳಬಹುದು. ಮನೆಗೇ ಸೂತಕವಿಲ್ಲವೆಂದ ಮೇಲೆ ಅಗಲಿದವರ ಹೆಸರಿಗೆ ಸೂತಕವೇಕೆ?

ಅಗಲಿದವರ ನಂಟನ್ನು ಬಿಡಿಸಿಕೊಂಡರೇ ದುಃಖ ತೀರುವುದೆಂಬ ಭಾವನೆ ಪಾಶ್ಚಾತ್ಯ ಮನಶ್ಶಾಸ್ತ್ರದಲ್ಲಿ ಬಹುಕಾಲ ಬಲವಾಗಿತ್ತು. 1996ರಲ್ಲಿ ಡೆನ್ನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಎಂಬ ವಿದ್ವಾಂಸರು ಸಂಪಾದಿಸಿದ ಗ್ರಂಥವು ಅದನ್ನು ಪ್ರಶ್ನಿಸಿತು. ನಂಟು ರೂಪ ಬದಲಿಸಿ ಉಳಿಯುತ್ತದೆ, ಅದು ರೋಗವಲ್ಲ ಎಂಬುದು ಅವರ ನಿಲುವು. ನಮ್ಮ ಮನೆಗಳಲ್ಲಿ ವರ್ಷವರ್ಷವೂ ಪುಣ್ಯಸ್ಮರಣೆ ಮಾಡುವ ಹಿರಿಯರಿಗೆ ಇದು ಹೊಸ ಮಾತೇನಲ್ಲ.

ಆದುದರಿಂದ 'ಮರೆತುಬಿಡಿರಿ', 'ಧೈರ್ಯ ತಂದುಕೊಳ್ಳಿರಿ' ಎನ್ನುವ ಬದಲು, 'ಅವರ ವಿಷಯ ಹೇಳಿರಿ' ಎನ್ನಿರಿ. ಅವರನ್ನು ಕುರಿತು ನಿಮಗೆ ನೆನಪಿರುವ ಒಂದು ಸಂಗತಿಯನ್ನು ಹೇಳಿರಿ. ಮಾತು ಬೇಡವೆನಿಸಿದವರನ್ನು ಒತ್ತಾಯಿಸದೆ ಸುಮ್ಮನೆ ಜೊತೆಗಿರಿ. ಮಕ್ಕಳಿಗೆ 'ಊರಿಗೆ ಹೋಗಿದ್ದಾರೆ' ಎಂದು ಸುಳ್ಳಾಡಬೇಡಿರಿ. ಅವು ಬಾಗಿಲು ಕಾಯುತ್ತವೆ.

ಶಿವಗಣಾರಾಧನೆ ಮುಗಿದೊಡನೆ ಬಂಧುಗಳು ತಮ್ಮ ತಮ್ಮ ಊರಿಗೆ ಮರಳುತ್ತಾರೆ. ಮನೆ ಬರಿದಾಗುವುದು ಆಗಲೇ. ಆಗ ಮತ್ತೊಮ್ಮೆ ಹೋಗಿರಿ. ತಿಂಗಳುಗಳು ಕಳೆದರೂ ಊಟ ನಿದ್ರೆಗಳಿಲ್ಲದೆ ಸೊರಗುವವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ತಾವೂ ಸಾಯಬೇಕೆನ್ನುವವರನ್ನು ಒಬ್ಬರನ್ನೇ ಬಿಡದೆ ಕೂಡಲೇ ವೈದ್ಯರಿಗೆ ತಿಳಿಸಿರಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.

ನಿಮ್ಮ ಓಣಿಯಲ್ಲಿ ಅಂಥದೊಂದು ಮನೆಯಿದ್ದರೆ ಇಂದೇ ಹೋಗಿ ಬನ್ನಿರಿ. ಉಪದೇಶ ಬೇಡ, ಒಂದು ಹೆಸರು ಸಾಕು.