ಕಾಯ್ದೆಗೆ ಕಾದಿರುವ ಬೆಟ್ಟ

ಅಮೆರಿಕದ ಐಡಹೊ ಮತ್ತು ಮೊಂಟಾನಾ ರಾಜ್ಯಗಳ ಗಡಿಯ ಮೇಲೆ ಸುಮಾರು 88 ಸಾವಿರ ಎಕರೆ ಹರಡಿರುವ ಬೆಟ್ಟಸಾಲು ಸ್ಕಾಚ್‌ಮನ್ ಪೀಕ್ಸ್. ಒಳಗೆ ರಸ್ತೆಯಿಲ್ಲ. ಮೇಲೆ ಬೋಳು ಬಂಡೆ, ಕೆಳಗಿನ ಕಣಿವೆಯಲ್ಲಿ ಒಬ್ಬರ ತೋಳಿಗೆ ಸಿಗದ ಭಾರಿ ಸೀಡರ್ ಮರಗಳು. ಈ ಸಾಲನ್ನು ‘ವಿಲ್ಡರ್‌ನೆಸ್’ ಎಂದು ಘೋಷಿಸಬೇಕೆಂದು ಸುತ್ತಲಿನ ಊರಿನವರು 2005ರಲ್ಲಿ ‘ಫ್ರೆಂಡ್ಸ್ ಆಫ್ ಸ್ಕಾಚ್‌ಮನ್ ಪೀಕ್ಸ್ ವಿಲ್ಡರ್‌ನೆಸ್’ ಎಂಬ ಸಂಘ ಕಟ್ಟಿದರು. ಧರಣಿ, ಘೋಷಣೆಗಳಿಗಿಂತ ಈ ಸಂಘ ನೆಚ್ಚಿಕೊಂಡದ್ದು ಬಯಲಿನಲ್ಲಿ ಊರ ಹಬ್ಬದಂತೆ ನಡೆಯುವ ಕಾರ್ಯಕ್ರಮಗಳನ್ನು.

ವಿಲ್ಡರ್‌ನೆಸ್ ಎಂದರೆ ಅಲ್ಲಿ ಬರೀ ಕಾಡಲ್ಲ, ಕಾನೂನಿನ ಒಂದು ದರ್ಜೆ. 1964ರ ಸೆಪ್ಟೆಂಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವಿಲ್ಡರ್‌ನೆಸ್ ಕಾಯ್ದೆಯಿಂದ ಅದು ಹುಟ್ಟಿತು. ಈ ದರ್ಜೆ ಸಿಕ್ಕ ನೆಲದಲ್ಲಿ ಹೊಸ ರಸ್ತೆ ಹಾಕುವಂತಿಲ್ಲ, ನಾಟಾ ಕಡಿಯುವಂತಿಲ್ಲ, ಮೋಟಾರು ವಾಹನ ಹಾಗಿರಲಿ, ಸೈಕಲ್ಲೂ ಬರುವಂತಿಲ್ಲ. ದಾರಿಗೆ ಅಡ್ಡ ಬಿದ್ದ ಮರವನ್ನು ತೆಗೆಯಲು ಅರಣ್ಯ ಇಲಾಖೆಯವರೇ ಯಂತ್ರದ ಗರಗಸ ಬಿಟ್ಟು, ಆಚೆಗೊಬ್ಬರು ಈಚೆಗೊಬ್ಬರು ಕೂತು ಎಳೆಯುವ ಉದ್ದನೆಯ ಕೈಗರಗಸ ಹಿಡಿಯುತ್ತಾರೆ. ಆದರೆ ನಡಿಗೆ, ಕುದುರೆ ಸವಾರಿ, ಮೀನು ಹಿಡಿಯುವುದು, ಬೇಟೆ ಎಲ್ಲಕ್ಕೂ ಅವಕಾಶವಿದೆ. ಬೇಟೆಗಾರರೇ ಇಂಥ ಕಾಡಿನ ಪರ ನಿಲ್ಲುವುದು ನಮಗೆ ವಿಚಿತ್ರವೆನಿಸಬಹುದು, ಅಲ್ಲಿ ಅದು ಮಾಮೂಲು.

ನಮ್ಮಲ್ಲಿ ಅಭಯಾರಣ್ಯವನ್ನು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಘೋಷಿಸುತ್ತದೆ. ಅಮೆರಿಕದಲ್ಲಿ ಅರಣ್ಯ ಇಲಾಖೆ ಶಿಫಾರಸು ಮಾಡಬಹುದಷ್ಟೇ, ದರ್ಜೆ ಕೊಡುವುದು ಸಂಸತ್ತು. ಸಾಮಾನ್ಯವಾಗಿ ಆ ರಾಜ್ಯದ ಪ್ರತಿನಿಧಿಯೇ ಮಸೂದೆ ತರುತ್ತಾರೆ. ಮತದಾರರ ಒಲವು ಕಾಣದೆ ಅವರು ಅದಕ್ಕೆ ಕೈ ಹಾಕುವುದು ಕಡಿಮೆ. ಸಂಘದ ಹಬ್ಬಗಳ ಗುಟ್ಟು ಇರುವುದು ಇಲ್ಲಿ. ಬೆಟ್ಟವನ್ನೇ ನೋಡದವರು ಅದಕ್ಕಾಗಿ ಸಹಿ ಹಾಕಿಯಾರೆ?

ಹಾಗಾಗಿ ಬೇಸಿಗೆಯಲ್ಲಿ ಸ್ವಯಂಸೇವಕರು ಮುಂದೆ ನಿಂತು ಪುಕ್ಕಟೆ ಚಾರಣ ನಡೆಸುತ್ತಾರೆ. ಚಿತ್ರಕಾರರು ಕ್ಯಾನ್ವಾಸು ಹೊತ್ತು ಬಯಲಿಗೇ ಹೋಗಿ, ಬೆಳಕು ಸರಿಯುವುದರೊಳಗೆ ಬೆಟ್ಟವನ್ನು ಬರೆದು ಮುಗಿಸುತ್ತಾರೆ. ಚಳಿಗಾಲದಲ್ಲಿ ಶಾಲೆ ಮಕ್ಕಳಿಗೆ ಹಿಮದ ಮೇಲಿನ ಹೆಜ್ಜೆಗುರುತು ಓದುವ ಪಾಠ. ವುಲ್ವರೀನ್ ಎಂಬ ಅಪರೂಪದ ಮಾಂಸಾಹಾರಿಯ ಸಮೀಕ್ಷೆಗೂ ಸಂಘದವರು ಐಡಹೊ ವನ್ಯಜೀವಿ ಇಲಾಖೆಯ ಜೊತೆ ಕೈಜೋಡಿಸಿದರು. ಆಮಿಷಕ್ಕೆ ಬೀವರ್ ಎಂಬ ಪ್ರಾಣಿಯ ಹೆಣವೊಂದನ್ನು ಮರಕ್ಕೆ ಕಟ್ಟುವುದು, ಕಾಂಡಕ್ಕೆ ತಂತಿಯ ಬ್ರಷ್ ಸಿಕ್ಕಿಸುವುದು, ತಿನ್ನಲು ಹತ್ತಿದ ಪ್ರಾಣಿ ಬಿಟ್ಟುಹೋದ ಕೂದಲನ್ನು ಆರಿಸಿ ತರುವುದು ಕೆಲಸ. ಸತ್ತ ಬೀವರನ್ನು ಬೆನ್ನಿಗೆ ಹಾಕಿಕೊಂಡು ಹಿಮ ಏರುವುದೂ ಹಬ್ಬವೇ ಎನ್ನಬೇಕಾದರೆ ಪ್ರೀತಿ ಸ್ವಲ್ಪ ಜಾಸ್ತಿಯೇ ಇರಬೇಕು.

ಈ ಸಾಲಿನ ಸ್ಕಾಚ್‌ಮನ್ ಶಿಖರದ ಎತ್ತರ 7,009 ಅಡಿ. ನಾಲ್ಕು ಮೈಲಿಯ ಕಡಿದಾದ ಏರು ಮುಗಿದರೆ ಪಾಂಡೊರೆ ಸರೋವರ ಕಾಣುತ್ತದೆ, ಜೊತೆಗೆ ಬೆಟ್ಟದ ಬಿಳಿ ಮೇಕೆಗಳೂ ಎದುರಾಗುತ್ತವೆ. ಉಪ್ಪಿನ ಆಸೆಗೆ ಅವು ಜನರ ಬೆವರಿದ ಕೈಕಾಲು ನೆಕ್ಕುವುದನ್ನು ಕಲಿತವು. ಫೋಟೊದ ಆಸೆಗೆ ಜನ ನೆಕ್ಕಿಸಿಕೊಂಡರು. 2015ರಲ್ಲಿ ಒಂದು ಮೇಕೆ ಕಚ್ಚಿಯೇಬಿಟ್ಟಿತು, ಅರಣ್ಯ ಇಲಾಖೆ ದಾರಿ ಮುಚ್ಚಿತು. ಜನರನ್ನು ಬೆಟ್ಟಕ್ಕೆ ಕರೆದ ಸಂಘವೇ ಆಮೇಲೆ ‘ಮೇಕೆ ರಾಯಭಾರಿ’ಗಳನ್ನು ಶಿಖರಕ್ಕೆ ಕಳಿಸಿ, ಮೇಕೆಗಳಿಂದ ದೂರವಿರಿ ಎಂದು ಹೇಳಿಸಬೇಕಾಯಿತು.

2015ರಲ್ಲೇ ಅರಣ್ಯ ಇಲಾಖೆಯ ಪರಿಷ್ಕೃತ ಯೋಜನೆಗಳು ಈ ಸಾಲಿನ ದೊಡ್ಡ ಭಾಗವನ್ನು ವಿಲ್ಡರ್‌ನೆಸ್‌ಗೆ ಶಿಫಾರಸು ಮಾಡಿದವು. ಮರುವರ್ಷ ಐಡಹೊದ ಸೆನೆಟರ್ ಜಿಮ್ ರಿಷ್ ತಮ್ಮ ರಾಜ್ಯದ ಪಾಲಿನ ಸುಮಾರು 14 ಸಾವಿರ ಎಕರೆಗೆ ಮಸೂದೆ ಮಂಡಿಸಿದರು. ಆದರೆ ವಾಷಿಂಗ್ಟನ್ನಿನ ಹಿಡಿತ ಇನ್ನಷ್ಟು ಬಿಗಿಯಾದೀತು, ನಾಟಾ ಮತ್ತು ಗಣಿಯ ಕೆಲಸಕ್ಕೆ ಬಾಗಿಲು ಮುಚ್ಚೀತು ಎಂಬ ಅಳುಕು ಹಲವು ಸ್ಥಳೀಯರಲ್ಲಿತ್ತು. 2018ರ ಮೇ ತಿಂಗಳಲ್ಲಿ ಐಡಹೊ ಪಾಲಿನ ಬೆಟ್ಟವಿರುವ ಬಾನರ್ ಕೌಂಟಿಯ ಮತದಾರರ ಅಭಿಪ್ರಾಯ ಕೇಳಲಾಯಿತು. ಹೆಚ್ಚು ಮತ ಬಿದ್ದದ್ದು ‘ಬೇಡ’ಕ್ಕೆ. ರಿಷ್ ಮಸೂದೆಯನ್ನು ಕೈಬಿಟ್ಟರು.

ಇಲಾಖೆಯ ಶಿಫಾರಸು ಮಾತ್ರ ಹಾಗೇ ಉಳಿಯಿತು. ಸಂಸತ್ತು ತೀರ್ಮಾನಿಸುವವರೆಗೆ ಬೆಟ್ಟದ ಕಾಡುತನ ಕೆಡದಂತೆ ನೋಡಿಕೊಳ್ಳುವುದು ಆ ಯೋಜನೆಗಳ ಪ್ರಕಾರ ಇಲಾಖೆಯದೇ ಹೊಣೆ. ಸಂಘದ ಚಾರಣಗಳು ಸೋಲಿನ ನಂತರವೂ ನಡೆದವು.