ಜಾತಕವು ಯಾರ ಕೈಯಲ್ಲಿ?

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಗೃಹಸ್ಥನು ವ್ಯವಹಾರದಲ್ಲಿ ಸುಲಭವಾಗಿ ಮೋಸಹೋಗುವವನಲ್ಲ. ಕಬ್ಬನ್ನು ಗಾಡಿಗೆ ಹೇರುವ ಮೊದಲು ಕಾರ್ಖಾನೆಯು ಯಾರದು, ಅದರ ಸಂಚಾಲಕರು ಯಾರು, ಹೋದ ಹಂಗಾಮಿನ ಬಾಕಿಯು ಮುಟ್ಟಿರುವುದೋ ಇಲ್ಲವೋ ಎಂಬುದನ್ನೆಲ್ಲ ವಿಚಾರಿಸಿಯೇ ಅವನು ಮುಂದಿನ ಹೆಜ್ಜೆಯನ್ನಿಡುವನು. ಆದರೆ ಅದೇ ಗೃಹಸ್ಥನು ಮಗಳ ಭಾವಚಿತ್ರ, ಜಾತಕ, ವಿದ್ಯೆ, ಸಂಬಳ, ಕುಲಗೋತ್ರ, ದೂರವಾಣಿಯ ಸಂಖ್ಯೆ ಇವೆಲ್ಲವನ್ನೂ ಒಂದು ಸಂಜೆ ಮೊಬೈಲಿನೊಳಗೆ ತುಂಬಿ ಕಳಿಸುವಾಗ, ಇದು ಯಾರ ಕೈಸೇರುವುದೆಂದು ಒಮ್ಮೆಯಾದರೂ ಕೇಳುವುದಿಲ್ಲ. ಕಬ್ಬಿಗೆ ತೋರಿದ ಎಚ್ಚರವನ್ನು ಕರುಳಕುಡಿಗೆ ತೋರಬೇಡವೇ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಹಿಂದೆ ಬೀಗತನವು ಕೂಡಿಬರುತ್ತಿದ್ದ ರೀತಿಯೇ ಬೇರೆ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿಯೋ, ಸಂತೆಯ ದಿನ ಪರಿಚಿತರ ಅಂಗಡಿಯ ಕಟ್ಟೆಯ ಮೇಲೆಯೋ ಹಿರಿಯರೊಬ್ಬರು ಮಾತು ತೆಗೆಯುವರು. ನಮ್ಮದು ಗಡಿನಾಡು, ಒಂದು ಕಡೆಗೆ ಗೋಕಾಕ, ಬೆಳಗಾವಿ, ಇನ್ನೊಂದು ಕಡೆಗೆ ಮಿರಜ, ಸಾಂಗಲಿ, ಕೊಲ್ಲಾಪುರ. ಎರಡೂ ಕಡೆಯ ಮನೆತನಗಳ ಒಳಹೊರಗನ್ನು ಬಲ್ಲ ಆ ಮಧ್ಯಸ್ಥರು ಒಂದು ಮಾತನ್ನು ತಪ್ಪಿ ಆಡಿದರೆ ಮರುವಾರದ ಸಂತೆಯಲ್ಲಿಯೇ ಅವರನ್ನು ಹಿಡಿದು ಕೇಳಬಹುದಾಗಿತ್ತು. ಅವರ ಹೊಣೆಗಾರಿಕೆಗೆ ಮುಖವಿತ್ತು, ಮನೆಯಿತ್ತು.

ಈಗ ಆ ಮಧ್ಯಸ್ಥರ ಸ್ಥಾನಕ್ಕೆ ಕಂಪನಿಗಳು ಬಂದಿರುವುವು. ಹೆತ್ತವರು ನೋಡುವ ವಧೂವರ ಶೋಧನೆಯ ತಾಣಗಳು ಒಂದು ಬಗೆ. ಪುಣೆ ಬೆಂಗಳೂರುಗಳಲ್ಲಿ ದುಡಿಯುವ ಮಕ್ಕಳು ತಾವೇ ಜೊತೆಗಾರರನ್ನು ಹುಡುಕಿಕೊಳ್ಳುವ ಟಿಂಡರ್, ಬಂಬಲ್ ಮೊದಲಾದ ಡೇಟಿಂಗ್ ಆ್ಯಪುಗಳು ಇನ್ನೊಂದು ಬಗೆ. ಇವುಗಳಲ್ಲಿ ಕೆಲವು ಶೇರುಪೇಟೆಯಲ್ಲಿ ಪಾಲುಗಳು ಮಾರಾಟವಾಗುವ ಸಾರ್ವಜನಿಕ ಕಂಪನಿಗಳು. ‘ಸಾರ್ವಜನಿಕ’ ಎಂದೊಡನೆ ಎಲ್ಲರಿಗೂ ಸೇರಿದ್ದೆಂದು ಭಾವಿಸುವುದು ಸಹಜವು. ಆದರೆ ಒಡೆತನವು ಒಂದು, ಹಿಡಿತವು ಮತ್ತೊಂದು.

ಈ ಭೇದವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಿಪ್ಪಾಣಿಯ ಹಾಲಸಿದ್ಧನಾಥ, ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ ಎಂದು ಹೆಸರಾದ ಕಾರ್ಖಾನೆಗಳು ಸಹಕಾರಿ ಸಂಸ್ಥೆಗಳು. ಸಹಕಾರದ ಮೂಲತತ್ತ್ವದಂತೆ ಸದಸ್ಯನ ಬಳಿ ಒಂದು ಪಾಲಿರಲಿ, ಐವತ್ತು ಪಾಲಿರಲಿ, ಮತವು ಒಂದೇ. ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿರುವ ಉಗಾರ ಶುಗರ್ ವರ್ಕ್ಸ್ ಹಾಗಲ್ಲ. 1939ರಲ್ಲಿ ಸ್ಥಾಪಿತವಾದ ಆ ಕಂಪನಿಯ ಪಾಲುಗಳನ್ನು ಮುಂಬಯಿಯ ಶೇರುಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಅಲ್ಲಿ ಮತವು ಮನುಷ್ಯನಿಗಲ್ಲ, ಪಾಲಿಗೆ. ಸ್ಥಾಪಕರಾದ ಶಿರಗಾವಕರ ಮನೆತನದವರೇ ಅದರ ಪ್ರವರ್ತಕರು. ಅಥಣಿ ತಾಲೂಕಿನ ಕೋಕಟನೂರಿನ ಬಳಿ ಕಾರ್ಖಾನೆಯನ್ನು ಹೊಂದಿರುವ ಶ್ರೀ ರೇಣುಕಾ ಶುಗರ್ಸ್ ಮೂರನೆಯ ಬಗೆ. ಬೆಳಗಾವಿಯ ಮುರಕುಂಬಿ ಮನೆತನದವರು ಬೆಳೆಸಿದ ಆ ಕಂಪನಿಯಲ್ಲಿ 2018ರಿಂದ ಸಿಂಗಾಪುರದ ವಿಲ್ಮಾರ್ ಸಂಸ್ಥೆಗೆ ಅರ್ಧಕ್ಕಿಂತ ಹೆಚ್ಚಿನ ಪಾಲಿದೆ. ಹೆಸರು ನಮ್ಮ ರೇಣುಕೆಯದು; ಹಿಡಿತ ಸಮುದ್ರದಾಚೆಯದು. ಬಾಗಿಲ ಮೇಲಿನ ಹೆಸರು ಒಡೆಯನನ್ನು ಹೇಳಲಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ಮೂರು ಮಾದರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಮದುವೆಯ ಮಾರುಕಟ್ಟೆಯತ್ತ ತಿರುಗೋಣ. ಕನ್ನಡ ಮ್ಯಾಟ್ರಿಮೊನಿ ಎಂಬ ತಾಣವನ್ನು ನಮ್ಮ ಎಷ್ಟೋ ಮನೆಗಳಲ್ಲಿ ಬಲ್ಲರು. ಅದು ಚೆನ್ನೈಯ ಮ್ಯಾಟ್ರಿಮೊನಿ ಡಾಟ್ ಕಾಮ್ ಎಂಬ ಕಂಪನಿಯ ಒಂದು ಶಾಖೆಯು. ಮುರುಗವೇಲ್ ಜಾನಕಿರಾಮನ್ ಅವರು 1997ರಲ್ಲಿ ಅಮೆರಿಕೆಯಲ್ಲಿದ್ದಾಗ ತಮಿಳರ ಸಲುವಾಗಿ ತೆರೆದ ಒಂದು ಜಾಲತಾಣದಿಂದ ಈ ಉದ್ಯೋಗವು ಬೆಳೆಯಿತು. 2017ರ ಸೆಪ್ಟೆಂಬರಿನಲ್ಲಿ ಪಾಲೊಂದಕ್ಕೆ 985 ರೂಪಾಯಿಯಂತೆ ಸಾರ್ವಜನಿಕರಿಗೆ ಮಾರಿ ಕಂಪನಿಯು ಶೇರುಪೇಟೆಯನ್ನು ಸೇರಿತು. ಆ ಬಳಿಕವೂ ಸುಮಾರು ಅರ್ಧದಷ್ಟು ಪಾಲು ಸ್ಥಾಪಕರ ಬಳಿಯಲ್ಲಿಯೇ ಉಳಿಯಿತು. ಸಾಧಾರಣ ನಿರ್ಣಯಗಳಿಗೆ ಚಲಾಯಿಸಿದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು, ವಿಶೇಷ ನಿರ್ಣಯಗಳಿಗೆ ನಾಲ್ಕರಲ್ಲಿ ಮೂರು ಪಾಲು ಬೇಕೆಂಬುದು 2013ರ ಕಂಪನಿ ಕಾಯ್ದೆಯ ಕಟ್ಟಳೆ. ಸಣ್ಣ ಪಾಲುದಾರರೆಲ್ಲ ಎಂದೂ ಒಟ್ಟುಗೂಡಿ ಮತ ಹಾಕುವುದಿಲ್ಲವಾದುದರಿಂದ ಅರ್ಧ ಪಾಲಿನ ಒಡೆಯನೇ ಮನೆಯ ಯಜಮಾನನು. ಇದು ಉಗಾರದ ಮಾದರಿಗೆ ಹತ್ತಿರವಾದುದು.

ಜೀವನಸಾಥಿ ಎಂಬ ತಾಣದ ಕಥೆ ಇನ್ನೊಂದು ತೆರ. ಅದು 2006ರಲ್ಲಿ ಶೇರುಪೇಟೆಯನ್ನು ಸೇರಿದ ಇನ್ಫೊ ಎಡ್ಜ್ ಕಂಪನಿಯದು. ನೌಕರಿಗಳನ್ನು ಹುಡುಕಿಕೊಡುವ ನೌಕರಿ ಡಾಟ್ ಕಾಮ್, ಮನೆ ನಿವೇಶನಗಳನ್ನು ತೋರಿಸುವ 99 ಏಕರ್ಸ್ ಇವೂ ಅದೇ ಕಂಪನಿಯ ಒಡೆತನದಲ್ಲಿವೆ. ನೌಕರಿ, ಮನೆ, ಮದುವೆ ಈ ಮೂರೂ ಒಂದೇ ಮಾಡಿನ ಕೆಳಗಿರುವ ಸಂಗತಿಯನ್ನು ಬಳಸುವವರಲ್ಲಿ ಎಷ್ಟು ಜನ ಬಲ್ಲರು?

ಇನ್ನು ಡೇಟಿಂಗ್ ಆ್ಯಪುಗಳ ವಿಷಯವು. ಇವುಗಳ ಒಡೆಯರು ಹೆಚ್ಚಾಗಿ ಅಮೆರಿಕೆಯಲ್ಲಿರುವರಾದುದರಿಂದ ಅಲ್ಲಿನ ಪದ್ಧತಿಯನ್ನು ಸ್ವಲ್ಪ ತಿಳಿಯಬೇಕು. ಟಿಂಡರ್, ಹಿಂಜ್, ಓಕೆಕ್ಯುಪಿಡ್ ಎಂಬ ಬೇರೆಬೇರೆ ಹೆಸರುಗಳಿದ್ದರೂ ಇವೆಲ್ಲ ಮ್ಯಾಚ್ ಗ್ರೂಪ್ ಎಂಬ ಒಂದೇ ಕಂಪನಿಯವು. ಅದು 2015ರ ನವೆಂಬರಿನಲ್ಲಿ ನ್ಯಾಸ್ಡ್ಯಾಕ್ ಶೇರುಪೇಟೆಯನ್ನು ಸೇರಿತು. ಆದರೆ ಅದರ ತಾಯಿಕಂಪನಿಯಾದ ಐಎಸಿಯು ಪಾಲೊಂದಕ್ಕೆ ಹತ್ತು ಮತಗಳಿರುವ ವಿಶೇಷ ಪಾಲುಗಳನ್ನು ತಾನಿಟ್ಟುಕೊಂಡು, ಒಂದು ಮತದ ಪಾಲುಗಳನ್ನು ಜನರಿಗೆ ಮಾರಿತು. 2019ರ ಕೊನೆಗೆ ಐಎಸಿಯ ಪಾಲು ನೂರಕ್ಕೆ ಎಂಬತ್ತರಷ್ಟಿದ್ದರೆ ಮತಗಳು ನೂರಕ್ಕೆ ತೊಂಬತ್ತೈದಕ್ಕೂ ಮೀರಿದ್ದುವು. ಆ ಐಎಸಿಯಲ್ಲಿಯೂ ಹತ್ತು ಮತದ ಪಾಲುಗಳು ಬ್ಯಾರಿ ಡಿಲ್ಲರ್ ಎಂಬವರ ಮನೆತನದ ಕೈಯಲ್ಲಿದ್ದುವು. ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ. ಕೊನೆಯ ಪೆಟ್ಟಿಗೆಯ ಕೀಲಿಕೈ ಒಬ್ಬರ ಬಳಿ!

2020ರ ಜುಲೈಯಲ್ಲಿ ಎರಡೂ ಬೇರೆಯಾದುವು. ಮ್ಯಾಚ್ ಗ್ರೂಪಿನಲ್ಲಿ ಪಾಲೊಂದಕ್ಕೆ ಒಂದೇ ಮತವೆಂದಾಯಿತು. ಹಾಗಾದರೆ ಈಗ ಜನರ ಆಡಳಿತವೇ? ಅದೂ ಅಲ್ಲ. ಎಲಿಯಟ್ ಎಂಬ ಹಣಕಾಸಿನ ಸಂಸ್ಥೆಯು ಸುಮಾರು ನೂರು ಕೋಟಿ ಡಾಲರುಗಳಷ್ಟು ಪಾಲನ್ನು ಹೊಂದಿರುವ ಸಂಗತಿಯು 2024ರ ಜನವರಿಯಲ್ಲಿ ಹೊರಬಿದ್ದಿತು. ಎರಡೇ ತಿಂಗಳಲ್ಲಿ ಅದರೊಡನೆ ಒಪ್ಪಂದವಾಗಿ ಇಬ್ಬರು ಹೊಸ ಸಂಚಾಲಕರು ಮಂಡಳಿಯನ್ನು ಸೇರಿದರು. ಅವರಲ್ಲೊಬ್ಬರಾದ ಸ್ಪೆನ್ಸರ್ ರ್‍ಯಾಸ್ಕಾಫ್ 2025ರ ಫೆಬ್ರವರಿಯಲ್ಲಿ ಕಂಪನಿಯ ಮುಖ್ಯಾಧಿಕಾರಿಯೇ ಆದರು. ಅರ್ಧ ಪಾಲಿಲ್ಲದಿದ್ದರೂ, ಗಟ್ಟಿಯಾಗಿ ಕೇಳುವ ದೊಡ್ಡ ಪಾಲುಗಾರನಿಗೆ ಎಷ್ಟು ಬಲವಿರುವುದೆಂಬುದನ್ನು ಇದರಿಂದ ಊಹಿಸಬಹುದು.

ಬಂಬಲ್ ಕಂಪನಿಯ ವಿಷಯವು ಇನ್ನೂ ಬೋಧಪ್ರದವಾಗಿದೆ. ಹೆಣ್ಣೇ ಮೊದಲು ಮಾತನಾಡತಕ್ಕದ್ದೆಂಬ ನಿಯಮದಿಂದ ಹೆಸರಾದ ಈ ಆ್ಯಪನ್ನು 2014ರಲ್ಲಿ ವಿಟ್ನಿ ವುಲ್ಫ್ ಹರ್ಡ್ ಎಂಬ ತರುಣಿಯು ಆರಂಭಿಸಿದಳು. ಲೋಕವು ಕಂಡದ್ದು ಅವಳ ಮುಖವನ್ನು. ಆದರೆ ಬಂಡವಾಳವನ್ನಿಟ್ಟವನು ಬಡೂ ಎಂಬ ಹಳೆಯ ಡೇಟಿಂಗ್ ತಾಣದ ಒಡೆಯನಾದ ಆಂದ್ರೇಯ್ ಆಂದ್ರೇಯೆವ್. ಅವನು ತನ್ನ ಪಾಲನ್ನು ಮಾರಿ ಹೊರಟಾಗ, 2020ರ ಆರಂಭದಲ್ಲಿ ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆಯ ಸಂಸ್ಥೆಗೆ ಬಹುಪಾಲು ಸೇರಿತು. 2021ರ ಫೆಬ್ರವರಿಯಲ್ಲಿ ಪಾಲೊಂದಕ್ಕೆ 43 ಡಾಲರಿನಂತೆ ಜನರಿಗೆ ಮಾರುವಾಗ, ಬ್ಲ್ಯಾಕ್‌ಸ್ಟೋನ್ ಮತ್ತು ಸ್ಥಾಪಕಿ ಇವರ ಪಾಲುಗಳಿಗೆ ಮಾತ್ರ ಹತ್ತರಷ್ಟು ಮತಗಳೆಂದೂ, ಇದು ಹೆಚ್ಚೆಂದರೆ ಏಳು ವರ್ಷ ನಡೆಯತಕ್ಕದ್ದೆಂದೂ ಬರೆದುಕೊಂಡರು. ಮುಂದೆ ಪಾಲಿನ ಬೆಲೆಯು ಪಾತಾಳಕ್ಕಿಳಿಯಿತು. ನಷ್ಟವನ್ನು ಹೊತ್ತವರಲ್ಲಿ ಜನರೂ ಇದ್ದರು. ನಿರ್ಧಾರದಲ್ಲಿ ಅವರ ಮಾತಿಗೆ ತೂಕವಿರಲಿಲ್ಲ.

ನಮ್ಮ ದೇಶದಲ್ಲಿಯೂ 2019ರಿಂದ ಸೆಬಿಯು ತಾಂತ್ರಿಕ ಕಂಪನಿಗಳ ಸ್ಥಾಪಕರಿಗೆ ಇಂಥ ಹೆಚ್ಚು ಮತದ ಪಾಲುಗಳನ್ನು ಅನುಮತಿಸಿದೆ. ಆದರೆ ಪಾಲೊಂದಕ್ಕೆ ಹತ್ತು ಮತಗಳನ್ನು ಮೀರಬಾರದು. ಪೇಟೆಯನ್ನು ಸೇರಿದ ಐದು ವರ್ಷಗಳಿಗೆ ಅವು ಸಾಮಾನ್ಯ ಪಾಲುಗಳಾಗಬೇಕು. ಇನ್ನೊಮ್ಮೆ ಮಾತ್ರ ಐದು ವರ್ಷ ಮುಂದುವರಿಸಬಹುದು.

‘ನಾವು ಪಾಲು ಕೊಳ್ಳುವವರಲ್ಲ, ಇದರಿಂದ ನಮಗೇನು?’ ಎಂದು ಗೃಹಿಣಿಯರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅಹುದು. ಕಂಪನಿಯು ಕೈಬದಲಾದಾಗ ಅದರ ಕಪಾಟಿನಲ್ಲಿರುವ ಮಾಹಿತಿಯೂ ಹೊಸ ಒಡೆಯನ ಹಿಡಿತಕ್ಕೆ ಬರುವುದು. ನೀವು ನಂಬಿ ಕೊಟ್ಟದ್ದು ಒಬ್ಬರಿಗೆ. ನಾಳೆ ಕಾಯುವವರು ಮತ್ತೊಬ್ಬರು. ಅಲ್ಲದೆ, ಜೊತೆ ಸಿಕ್ಕವರು ಚಂದಾ ನಿಲ್ಲಿಸಿ ಹೊರಟುಹೋಗುವರು. ಸಿಗದವರು ಮತ್ತೆ ಮತ್ತೆ ಕಟ್ಟುವರು. ಮೂರು ತಿಂಗಳಿಗೊಮ್ಮೆ ಲಾಭದ ಲೆಕ್ಕವನ್ನು ಕೇಳುವ ಪಾಲುಗಾರರು ಮೇಲೆ ಕುಳಿತಿರುವಾಗ, ನಿಮ್ಮ ಅವಸರವೂ ಅವರ ಅವಸರವೂ ಒಂದೇ ಆಗಿರಬೇಕೆಂದಿಲ್ಲ. ಹಳೆಯ ಮಧ್ಯಸ್ಥನಿಗೆ ಮದುವೆಯ ಊಟವೇ ಕೀರ್ತಿಯಾಗಿತ್ತು.

ಆದುದರಿಂದ ನಾವು ಸೂಚಿಸುವುದಿಷ್ಟು. ಆ್ಯಪಿನ ಹೆಸರಿನ ಕೆಳಗೆ ಯಾವ ಕಂಪನಿಯ ಹೆಸರಿದೆ ಎಂಬುದನ್ನು ಮೊದಲು ಓದಿರಿ. ಅದು ನಮ್ಮ ದೇಶದ ಪೇಟೆಯಲ್ಲಿರುವ ಕಂಪನಿಯಾದರೆ, ಪ್ರತಿ ಮೂರು ತಿಂಗಳು ಮುಗಿದ 21 ದಿನಗಳೊಳಗೆ ತನ್ನ ಪಾಲುಗಾರರ ಪಟ್ಟಿಯನ್ನು ಶೇರುಪೇಟೆಗೆ ಸಲ್ಲಿಸಲೇಬೇಕು. ಪ್ರವರ್ತಕರ ಪಾಲೆಷ್ಟು, ನೂರಕ್ಕೆ ಒಂದು ಮತ್ತು ಅದಕ್ಕೂ ಮೇಲ್ಪಟ್ಟ ಪಾಲುಳ್ಳ ಇತರರು ಯಾರು ಎಂಬುದೆಲ್ಲ ಅದರಲ್ಲಿರುವುದು. ಬಿಎಸ್‌ಇ, ಎನ್‌ಎಸ್‌ಇಗಳ ತಾಣಗಳಲ್ಲಿ ಅದನ್ನು ಕಾಸು ಕೊಡದೆ ನೋಡಬಹುದು. ಕಾಲೇಜಿಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿದರೆ ಹತ್ತು ನಿಮಿಷದ ಕೆಲಸ. ಪೇಟೆಯಲ್ಲಿಲ್ಲದ ಖಾಸಗಿ ಕಂಪನಿಗಳಿಗೆ ಈ ಕಟ್ಟಳೆಯಿಲ್ಲ. ಅಲ್ಲಿ ಎಚ್ಚರವು ಇಮ್ಮಡಿಯಾಗಿರಬೇಕು.

ಜಾತಕವನ್ನು, ಮನೆಯ ವಿಳಾಸವನ್ನು, ದೂರವಾಣಿಯನ್ನು ಮೊದಲ ದಿನವೇ ತೆರೆದಿಡಬೇಡಿರಿ. ಲಗ್ನವು ಗೊತ್ತಾದ ಮೇಲೆ ಮೊಬೈಲಿನಿಂದ ಆ್ಯಪನ್ನು ತೆಗೆದರೆ ಸಾಲದು. ಖಾತೆಯನ್ನೇ ಅಳಿಸಬೇಕೆಂದು ಕಂಪನಿಗೆ ತಿಳಿಸಿರಿ. ಕೊಟ್ಟ ಮಾಹಿತಿಯನ್ನು ಅಳಿಸಿರೆಂದು ಕೇಳುವ ಹಕ್ಕನ್ನು 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯಲ್ಲಿ ಬರೆದಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವ ಏರ್ಪಾಡಾಗಿದೆ.

ಹೊಸ ದಾರಿಯನ್ನು ಹಳಿಯುವುದು ನಮ್ಮ ಇಚ್ಛೆಯಲ್ಲ. ಊರಿಂದೂರಿಗೆ ತಿರುಗಿ ಬೇಸತ್ತ ಎಷ್ಟೋ ತಂದೆತಾಯಿಗಳಿಗೆ ಇದರಿಂದ ಅನುಕೂಲವಾಗಿದೆ. ಎಷ್ಟೋ ಮನೆಗಳಲ್ಲಿ ದೀಪ ಹತ್ತಿದೆ. ಆದರೆ ಹೆಣ್ಣು ಕೊಡುವ ಮನೆಯ ಹೊಸ್ತಿಲನ್ನು ಮೂರು ಸಲ ತುಳಿದು ನೋಡುವ ನಾವು, ಆ ಮನೆಯನ್ನು ತೋರಿಸಿದವನ ಹೊಸ್ತಿಲನ್ನು ಒಮ್ಮೆಯಾದರೂ ನೋಡಬೇಡವೇ?